ಮೂಳೆಯಜ್ಜಿಯ ಮೆಟ್ಟಿಲು

"ಕಣ್ಣು ಮುಚ್ಚಿ. ಎಲ್ಲರೂ ಮುಚ್ಚಿದ್ರಾ? ಬೆರಳ ಸಂದಿಯಿಂದ ಕದ್ದು ನೋಡೋರು ಯಾರು ಅಂತ ನಂಗೆ ಕಾಣ್ಸುತ್ತೆ, ಹುಷಾರು. ಈಗ ಒಬ್ಬೊಬ್ಬರೇ ಒಂದು ಬೆರಳು ಕೊಡಿ."

ಇಪ್ಪತ್ತೆರಡು ಪುಟ್ಟ ಬೆರಳುಗಳು ಮುಂದಕ್ಕೆ ಬರುತ್ತವೆ. ಮೂಳೆಯಜ್ಜಿ ಒಂದೊಂದನ್ನೇ ಹಿಡಿದು ತಣ್ಣಗಿನ, ಚೂಪಾದ ಒಂದು ವಸ್ತುವಿನ ಅಂಚಿಗೆ ಸವರಿಸುತ್ತಾಳೆ.

"ಇದೇನು ಹೇಳಿ ನೋಡೋಣ?"

"ಚಾಕು!"

"ಗರಗಸ!"

"ನಮ್ಮಪ್ಪನ ಬಾಚಣಿಗೆ!"

"ನಿಮ್ಮಪ್ಪ ಇದರಲ್ಲಿ ತಲೆ ಬಾಚಿದ್ರೆ ತಲೆನೇ ಉಳಿಯಲ್ಲ ಕಣೋ. ಹಾಂ, ಕಣ್ಣು ಬಿಡಿ."

ಬಿಟ್ಟರೆ ಎದುರಿಗೆ ಹಲ್ಲಯ್ಯನ ಬಾಯಿ. ನಾಲ್ಕು ಮಕ್ಕಳು ಒಳಗೆ ಕೂತು ಊಟದ ಡಬ್ಬಿ ಬಿಚ್ಚಬಹುದು, ಅಷ್ಟು ದೊಡ್ಡದು. ಒಬ್ಬರಿಬ್ಬರು ಅಳುತ್ತಾರೆ. ಅಳುವವರನ್ನು ಅಜ್ಜಿ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾಳೆ, ಆದರೆ ಕಥೆ ನಿಲ್ಲಿಸುವುದಿಲ್ಲ.

ಮ್ಯೂಸಿಯಂನ ಆ ದೊಡ್ಡ ಹಾಲ್‌ನಲ್ಲಿ ಇರುವುದು ಇಬ್ಬರೇ. ನಡುವೆ ನಿಂತವಳು ಬಾಲಮ್ಮ. ಸೊಪ್ಪು ತಿನ್ನುವ ಡೈನೋಸಾರ್, ಮೂತಿಯಿಂದ ಬಾಲದ ತುದಿಯವರೆಗೆ ಒಂದು ಬಸ್ಸಿನಷ್ಟು ಉದ್ದ, ಎಲ್ಲವೂ ನೆಲದಿಂದ ಅಗೆದು ತೆಗೆದ ನಿಜವಾದ ಮೂಳೆ. ಗೋಡೆಯ ಹತ್ತಿರ ಕಬ್ಬಿಣದ ಕಂಬದ ಮೇಲೆ ಹಲ್ಲಯ್ಯ. ಮಾಂಸ ತಿನ್ನುವವನು. ಅವನದು ತಲೆ ಮಾತ್ರ, ಅದೂ ಅಚ್ಚಿನಲ್ಲಿ ಹೊಯ್ದ ನಕಲು. ಬೋರ್ಡಿನ ಮೇಲೆ ಇಬ್ಬರಿಗೂ ಗೇಣುದ್ದದ ಹೆಸರುಗಳಿವೆ. ಅವನ್ನು ಓದಲು ಹೋಗಿ ಎಷ್ಟೋ ಟೀಚರುಗಳು ನಾಲಿಗೆ ಕಚ್ಚಿಕೊಂಡ ಮೇಲೆ, ಬಾಲಮ್ಮ, ಹಲ್ಲಯ್ಯ ಎಂದೇ ನಿಂತುಹೋಯಿತು.

"ಒಂದು ದಿನ ಬಾಲಮ್ಮ ಬಗ್ಗಿ ನೀರು ಕುಡೀತಾ ಇದ್ದಳು. ಗೊಳಗೊಳ, ಗೊಳಗೊಳ. ಹಿಂದಿನಿಂದ ಹಲ್ಲಯ್ಯ ಬಂದ. ಬಂದವನು ಚೆನ್ನಾಗಿದೀಯಾ ಅಂತ ಕೇಳಿದನಾ?"

"ಇಲ್ಲಾ!"

"ಊಟ ಆಯ್ತಾ ಅಂತ ಕೇಳಿದನಾ?"

"ಇಲ್ಲಾ!"

"ಕಚ್ಚಿದ! ಗರಕ್!" ಅಜ್ಜಿ ಎರಡು ಅಂಗೈಗಳನ್ನೂ ಹೊಡೆದಾಗ ಹಾಲ್‌ನ ಗಾಜುಗಳು ಗುಂಯ್ ಎನ್ನುತ್ತವೆ. "ಚರ್ಮ ಹರೀತು. ಮಾಂಸ ಹರೀತು. ಹಲ್ಲು ಮೂಳೆಗೆ ಸಿಕ್ಕಿಕೊಂಡಿತು. ರಕ್ತ ಅಂದ್ರೆ ರಕ್ತ, ಕೆರೆ ನೀರೆಲ್ಲ ಕೆಂಪು. ಬಾಲಮ್ಮ ಬಾಲ ಬೀಸಿದಳು, ಹಲ್ಲಯ್ಯನ ದವಡೆಗೆ ಫಟಾರ್! ಅವನ ಮೂರು ಹಲ್ಲು ಹಾರಿಹೋದವು."

ಹೊಸದಾಗಿ ಬಂದ ಟೀಚರುಗಳು ಈ ಹೊತ್ತಿಗೆ ಮುಖ ಹುಳ್ಳಗೆ ಮಾಡಿಕೊಂಡು, "ಅಮ್ಮಾ, ಸ್ವಲ್ಪ ಮೆತ್ತಗೆ ಹೇಳ್ಬಹುದಲ್ವಾ? ಚಿಕ್ಕ ಮಕ್ಕಳು" ಎನ್ನುವುದುಂಟು. "ಹಲ್ಲಯ್ಯಂಗೆ ಹೇಳಿ ಟೀಚರ್. ಮೆತ್ತಗೆ ಕಚ್ಚೋ ಅಂತ" ಎನ್ನುತ್ತಾಳೆ ಅಜ್ಜಿ.

ಯಾವಾಗಲೂ ಒಂದು ಮಗು ಕೇಳಿಯೇ ಕೇಳುತ್ತದೆ. "ಬಾಲಮ್ಮ ಸತ್ತೋದಳಾ?"

ಅಜ್ಜಿ ಕಾದಿರುವುದು ಆ ಪ್ರಶ್ನೆಗೇ. "ಬನ್ನಿ, ಮೂಳೆನೇ ಕೇಳೋಣ. ಅದಂತೂ ಸುಳ್ಳು ಹೇಳಲ್ಲ." ಮಕ್ಕಳನ್ನು ಬಾಲದ ಹತ್ತಿರ ಕರೆದೊಯ್ದು ಒಂದು ಜಾಗ ತೋರಿಸುತ್ತಾಳೆ. ಅಲ್ಲಿ ಎರಡು ಮೂಳೆ ಅಂಟಿಕೊಂಡು, ಊದಿಕೊಂಡು, ಒಂದು ಗಂಟಾಗಿದೆ. ಗಂಟಿನ ಮೇಲೆ ಹಲ್ಲು ಇಳಿದ ಮೂರು ಕುಳಿಗಳು. "ಸತ್ತಮೇಲೆ ಮೂಳೆ ಕೂಡ್ಕೊಳ್ಳಲ್ಲ. ಇದು ಕೂಡ್ಕೊಂಡಿದೆ. ಅಂದ್ರೆ?"

"ತಪ್ಪಿಸ್ಕೊಂಡ್ಳು!"

"ತಪ್ಪಿಸ್ಕೊಂಡ್ಳು. ಆಮೇಲೂ ಎಷ್ಟೋ ವರ್ಷ ಸೊಪ್ಪು ತಿಂದುಕೊಂಡಿದ್ದಳು. ಎಷ್ಟು ಹಿಂದೆ? ಆರೂವರೆ ಕೋಟಿ ವರ್ಷಕ್ಕೂ ಹಿಂದೆ."

"ಅಜ್ಜಿ, ಆಗ ನೀವು ನೋಡಿದ್ರಾ?"

"ನಾನು ಅಷ್ಟು ಹಳಬಳಲ್ಲಪ್ಪ. ನಿಮ್ಮ ಟೀಚರ್‌ನ ಕೇಳಿ, ಅವರು ನೋಡಿರಬಹುದು."

ಮಕ್ಕಳೆಲ್ಲ ನಕ್ಕಾದ ಮೇಲೆ ಕೊನೆಯ ಕೆಲಸ. ಅಜ್ಜಿ ರವಿಕೆಯ ಎಡತೋಳನ್ನು ಮೇಲಕ್ಕೆ ಮಡಿಚುತ್ತಾಳೆ. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕಿರುಬೆರಳಿನ ಕಡೆ, ಚರ್ಮದ ಕೆಳಗೆ ಗೋಲಿಯಂಥ ಒಂದು ಗಂಟು. "ಮುಟ್ಟಿ ನೋಡಿ. ಬಾಲಮ್ಮನ ಹಾಗೇ ನಂದೂ ಮುರಿದು ಕೂಡ್ಕೊಂಡಿದ್ದು."

"ನಿಮಗೂ ಹಲ್ಲಯ್ಯ ಕಚ್ಚಿದ್ನಾ?"

"ಇಲ್ಲಪ್ಪ. ನಾನು ಮೆಟ್ಟಿಲಿಂದ ಬಿದ್ದೆ."

ಹನ್ನೆರಡು ವರ್ಷ, ಮಂಗಳವಾರ ಮಂಗಳವಾರ, ಸಾವಿರಾರು ಮಕ್ಕಳಿಗೆ ಮೂಳೆಯಜ್ಜಿ ಹೇಳಿದ್ದು ಅದನ್ನೇ. ಅದು ಸುಳ್ಳು.

ಮೂಳೆಯಜ್ಜಿ ಮೊದಲಿನಿಂದ ಮ್ಯೂಸಿಯಂನವಳಲ್ಲ. ಹದಿನೆಂಟನೆಯ ವಯಸ್ಸಿಗೆ ಮಾಂಸದ ಮಾರ್ಕೆಟ್ಟಿಗೆ ಕೆಲಸಕ್ಕೆ ಸೇರಿದವಳು. ಅವಳ ಜಾಗ ಮೂಳೆ ಬಿಡಿಸುವ ಮೇಜು. ಮೇಲೆ ಕಂಬಿಗೆ ಸಾಲಾಗಿ ಕೊಕ್ಕೆ, ಕೆಳಗೆ ಮರದ ಹೊಟ್ಟು ಹರಡಿದ ನೆಲ, ಗಂಟೆಗೊಮ್ಮೆ ಪೈಪು ಹಿಡಿದು ನೀರು ಬಿಟ್ಟರೆ ಮೋರಿಯ ತನಕ ಕೆಂಪು. ಗಂಡಸರು ಮಚ್ಚು ಎತ್ತಿ ಬೀಸುವ ಕಡೆ ಅವಳದು ಬೆರಳಗಲದ ಚಾಕು. "ಶಕ್ತಿ ಬೇಡ ಕಣಮ್ಮ" ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದ. "ಎಲ್ಲಾ ಕೀಲಿಗೂ ಒಂದು ಸಂದು ಇರುತ್ತೆ. ಹೆಬ್ಬೆರಳಲ್ಲಿ ಹುಡುಕು. ಸಿಕ್ಕಿತೋ, ತಾನಾಗೇ ಬಿಟ್ಟುಕೊಳ್ಳುತ್ತೆ." ಎರಡು ವರ್ಷದಲ್ಲಿ ಅವಳು ಕಣ್ಣು ಕಟ್ಟಿದರೂ ಒಂದು ತೊಡೆಯನ್ನು ಮೂರು ನಿಮಿಷದಲ್ಲಿ ಬಿಡಿಸುವ ಹಾಗಾದಳು.

ಅದೇ ಮಾರ್ಕೆಟ್ಟಿನಲ್ಲಿ ನೇತುಹಾಕಿದ ದನವನ್ನು ಬೆನ್ನಗುಂಟ ಸೀಳುವ ಕೆಲಸದವನೊಬ್ಬನನ್ನು ಮದುವೆಯಾದಳು. ಹಗಲೆಲ್ಲ ನಗುತ್ತ ನಗಿಸುತ್ತ ಇರುವ ಮನುಷ್ಯ. ಮನೆಯ ಬಾಗಿಲು ಹಾಕಿದೊಡನೆ ಬೇರೆಯವನು. ಚಪ್ಪಲಿ ಅಡ್ಡ ಇಟ್ಟಿದ್ದಕ್ಕೆ ಒಂದು ಏಟು, ಚಪ್ಪಲಿ ಎತ್ತಿಟ್ಟಿದ್ದಕ್ಕೆ ಎರಡು. ತುಟಿ ಒಡೆದರೆ ಬಾಗಿಲು ತಗುಲಿತು ಎನ್ನುತ್ತಿದ್ದಳು. ಕಿವಿ ಊದಿದರೆ ಹುಳ ಕಚ್ಚಿತು ಎನ್ನುತ್ತಿದ್ದಳು. ಒಂದು ಸಂಜೆ ಬಾಗಿಲು ತೆಗೆಯುವುದು ತಡವಾಯಿತೆಂದು, ಮಾರ್ಕೆಟ್ಟಿನಲ್ಲಿ ಬಾಗಿಹೋಗಿ, ನೇರ ಮಾಡಿಸಲೆಂದು ಮನೆಗೆ ತಂದಿದ್ದ ಕೊಕ್ಕೆಯ ಕಬ್ಬಿಣದ ಸರಳನ್ನೇ ಎತ್ತಿ ಅವನು ತಲೆಗೆ ಬೀಸಿದ. ಅವಳು ಎಡಗೈ ಅಡ್ಡ ಹಿಡಿದಳು. ಟಪ್ ಎಂದಿತು. ದಿನಕ್ಕೆ ಇನ್ನೂರು ಸಲ ಕೇಳುತ್ತಿದ್ದ ಸದ್ದು, ಅಂದು ತನ್ನೊಳಗಿನಿಂದ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, "ಮೆಟ್ಟಿಲಿಂದ ಬಿದ್ದೆ" ಎಂದಳು. ಅವರು ಎಕ್ಸ್‌ರೇ ನೋಡಿದರು, ಅವಳ ಮುಖ ನೋಡಿದರು, ಹಿಂದೆ ನಿಂತ ಗಂಡನನ್ನು ನೋಡಿದರು. ಅವಳು ಹೇಳಿದ್ದನ್ನೇ ಬರೆದುಕೊಂಡರು. ಅವಳ ಮನೆ ನೆಲಕ್ಕೆ ಅಂಟಿದ ಒಂದೇ ಕೋಣೆ. ಹೊಸ್ತಿಲು ಬಿಟ್ಟರೆ ಅಲ್ಲಿ ಹತ್ತುವುದಕ್ಕೆ ಏನೂ ಇರಲಿಲ್ಲ.

ಕೈ ಕೂಡಿಕೊಂಡು ಕೆಲಸಕ್ಕೆ ಮರಳಿದ ವಾರವೇ ಅವನು ಮತ್ತೆ ಕೈ ಎತ್ತಿದ, ಈ ಸಲ ಮಾರ್ಕೆಟ್ಟಿನಲ್ಲೇ, ಎಲ್ಲರೆದುರು. ಅವಳು ಅವನ ಅಂಗೈಯನ್ನು ಎಳೆದು ಮೇಜಿಗೆ ಒತ್ತಿ, ಚಾಕುವನ್ನು ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಮರದೊಳಕ್ಕೆ ಹಿಡಿಯ ತನಕ ನೆಟ್ಟಳು. ಚರ್ಮ ಗೀರಲಿಲ್ಲ. "ಸಂದು ಎಲ್ಲಿದೆ ಅಂತ ನಂಗೆ ಗೊತ್ತು" ಎಂದಳು, ಅಷ್ಟೇ. ಅವನು ಬಟ್ಟೆ ತುಂಬಿಕೊಂಡು ಹೋದವನು ಮತ್ತೆ ಬರಲಿಲ್ಲ. ಆದರೆ ಮೆಟ್ಟಿಲಿನ ಸುಳ್ಳು ಹೋಗಲಿಲ್ಲ. ಕೇಳಿದವರಿಗೆಲ್ಲ ಹೇಳಿ ಹೇಳಿ ಅದು ಹಳೆಯ ಚಪ್ಪಲಿಯ ಹಾಗೆ ಹೊಂದಿಕೊಂಡುಬಿಟ್ಟಿತ್ತು.

ಮ್ಯೂಸಿಯಂನ ಮೇಡಂ ಅವಳನ್ನು ಕಂಡಿದ್ದು ಆ ಮೇಜಿನ ಬಳಿಯೇ. ಡೈನೋಸಾರ್ ಮೂಳೆಗಳ ಪಕ್ಕ ಇಟ್ಟು ಹೋಲಿಸಲು ಅವರಿಗೆ ಒಂದು ಎತ್ತಿನ ಪೂರ್ತಿ ಅಸ್ಥಿಪಂಜರ ಬೇಕಿತ್ತು. ಅವಳು ಗೋಣಿಚೀಲದಲ್ಲಿ ಕಲಸಿಹೋಗಿದ್ದ ಮೂಳೆಗಳನ್ನು ನೆಲದ ಮೇಲೆ ಸುರಿದು, ಮಾತಾಡುತ್ತಾಡುತ್ತಲೇ ಎಡ ಬಲ ತಪ್ಪದೆ ಜೋಡಿಸಿಟ್ಟಳು. "ನೀವು ನನ್ನ ಜೊತೆ ಬಂದುಬಿಡಿ" ಎಂದರು ಮೇಡಂ. ಮೂಳೆ ಒರೆಸುವ, ಒಡೆದದ್ದನ್ನು ಅಂಟಿಸುವ ಕೆಲಸಕ್ಕೆಂದು ಬಂದವಳು. ಮಕ್ಕಳಿಗೆ ವಿವರಿಸಲು ಇದ್ದ ಯುವಕನಿಗೆ ಒಂದು ಮಗು ಮೊಣಕಾಲು ಕಚ್ಚಿ, ಅವನು ಬೇರೆ ನೌಕರಿ ನೋಡಿಕೊಂಡ ಮೇಲೆ ಆ ಕೆಲಸವೂ ಅವಳ ಪಾಲಿಗೆ ಬಂತು.

ಮೇಡಂ ಅವಳ ಕೈಯ ಗಂಟನ್ನು ಮೊದಲ ದಿನವೇ ನೋಡಿದ್ದರು. ಒಮ್ಮೆ ಹಳೆಯ ಮೂಳೆ ಒರೆಸುತ್ತಿದ್ದಾಗ, ಏನೋ ಪಾಠ ಹೇಳುವ ಹಾಗೆ, ತಮ್ಮ ಕೈಯನ್ನೇ ಮುಂದೆ ಹಿಡಿದು ತೋರಿಸಿದರು. "ಬೀಳುವಾಗ ನಾವು ಅಂಗೈ ಊರ್ತೀವಲ್ಲ, ಹೆಚ್ಚಾಗಿ ಇಲ್ಲಿ ಮುರಿಯುತ್ತೆ, ಮಣಿಕಟ್ಟಿನ ಹತ್ತಿರ. ಹೊಡೆತಕ್ಕೆ ಅಡ್ಡ ಹಿಡಿದ್ರೆ, ಇಲ್ಲಿ." ಅವರ ಬೆರಳು ನಿಂತಿದ್ದು ಅವಳ ಗಂಟು ಇದ್ದ ಜಾಗದಲ್ಲಿ. ಕನ್ನಡಕ ಮೇಲೇರಿಸಿಕೊಂಡು ಕೆಲಸ ಮುಂದುವರಿಸಿದರು.

ಈಗ ಲೆಕ್ಕದ ಪುಟ್ಟಿಯ ವಿಷಯಕ್ಕೆ ಬರೋಣ. ಐದೂವರೆ ವರ್ಷದ ಹುಡುಗಿ. ಹತ್ತಿರದ ಶಿಶುವಿಹಾರದವರು ಐದು ಮಂಗಳವಾರ ಸಾಲಾಗಿ ಮಕ್ಕಳನ್ನು ಕರೆತರುವುದೆಂದು ಗೊತ್ತಾಗಿತ್ತು. ಮೊದಲ ವಾರ ಮಕ್ಕಳೆಲ್ಲ ಹಲ್ಲಯ್ಯನ ಬಾಯಿಗೆ ಕೈ ಹಾಕಿ ಕಿರುಚುತ್ತಿದ್ದರೆ, ಇವಳು ಒಬ್ಬಳೇ ಬಾಲಮ್ಮನ ಬಾಲದ ಗುಂಟ ನಡೆಯುತ್ತ ಏನನ್ನೋ ಗೊಣಗುತ್ತಿದ್ದಳು.

"ಏನು ಮಾಡ್ತಿದೀಯ ಕಂದ?"

"ಎಣಿಸ್ತಿದೀನಿ. ಬೋರ್ಡ್ ತಪ್ಪು ಅಜ್ಜಿ. ಬಾಲದಲ್ಲಿ ಐವತ್ತೆರಡು ಮೂಳೆ ಅಂತ ಬರ್ದಿದೆ. ಎರಡು ಸಲ ಎಣಿಸ್ದೆ. ಐವತ್ತೊಂದೇ ಇರೋದು."

ಟೀಚರು ನಕ್ಕರು. "ಅವಳದು ಯಾವಾಗಲೂ ಇದೇ ಕೆಲಸ. ನನ್ನ ಕೋಟಿನಲ್ಲಿ ಎಷ್ಟು ಗುಂಡಿ ಇದೆ ಅಂತ ನಂಗೇ ಗೊತ್ತಿಲ್ಲ, ಅವಳಿಗೆ ಗೊತ್ತು."

"ಆರು. ಒಂದು ಕಿತ್ತೋಗಿದೆ" ಎಂದಳು ಪುಟ್ಟಿ.

ಅಜ್ಜಿಗೆ ಖುಷಿಯೋ ಖುಷಿ. ಕೂಡಿಕೊಂಡ ಆ ಗಂಟನ್ನು, ತೋರಿಸುವ ಮೊದಲೇ, ಎಣಿಸಿಯೇ ಹಿಡಿದ ಮೊದಲ ಮಗು ಇದು. ಎತ್ತಿ ತೋರಿಸಿದಳು. "ನೋಡು, ಎರಡು ಮೂಳೆ ಒಂದಾಗಿದೆ. ಬೋರ್ಡೂ ಸರಿ, ನೀನೂ ಸರಿ." ಆಮೇಲೆ ಎಂದಿನಂತೆ ತೋಳು ಮಡಿಚಿದಳು, ಎಂದಿನಂತೆ ಮೆಟ್ಟಿಲ ಮಾತು ಹೇಳಿದಳು. ಪುಟ್ಟಿ ಆ ಗಂಟನ್ನು ಉಳಿದವರಿಗಿಂತ ತುಸು ಹೆಚ್ಚು ಹೊತ್ತು ಮುಟ್ಟಿಕೊಂಡಿದ್ದಳು.

"ಬಿದ್ದೆ ಅಂದ್ರೆ ಯಾರೂ ಬೈಯಲ್ವಾ ಅಜ್ಜಿ?"

"ಯಾಕೆ ಬೈತಾರೆ? ಬಿದ್ದವರಿಗೆ ಯಾರೂ ಬೈಯಲ್ಲ."

ಪುಟ್ಟಿ ತಲೆಯಾಡಿಸಿದಳು, ಲೆಕ್ಕ ಬಾಯಿಪಾಠ ಮಾಡಿಕೊಂಡವರ ಹಾಗೆ.

ಎರಡನೆಯ ವಾರ ಬಂದಳು. ಮೂರನೆಯ ವಾರ ಬರಲಿಲ್ಲ. ಜ್ವರ ಎಂದರು. ನಾಲ್ಕನೆಯ ವಾರ ಬಂದಾಗ ಅವಳ ಎಡಗೈಗೆ ಮೊಣಕೈಯ ಮೇಲಿನ ತನಕ ಪ್ಲಾಸ್ಟರು. ಮಕ್ಕಳೆಲ್ಲ ಅದರ ಮೇಲೆ ಬಣ್ಣದ ಪೆನ್ನಿನಲ್ಲಿ ಹಲ್ಲಯ್ಯನನ್ನು ಬರೆದಿದ್ದರು.

"ಅಯ್ಯೋ ಕಂದ, ಏನಾಯ್ತು?"

ಪುಟ್ಟಿ ಅಜ್ಜಿಯನ್ನು ನೋಡಿ ಗುಟ್ಟಿನಲ್ಲಿ ಜೊತೆಗಾರರಾದವರ ಹಾಗೆ ನಕ್ಕಳು. "ಮೆಟ್ಟಿಲಿಂದ ಬಿದ್ದೆ. ನಿಮ್ಮ ಹಾಗೇ."

ಅಜ್ಜಿ ಪ್ಲಾಸ್ಟರಿನ ಕೆಳಗೆ ಅಂಗೈ ಕೊಟ್ಟಳು. "ಎಲ್ಲಿ ಮುರೀತಂತೆ? ತೋರಿಸು." ಪುಟ್ಟಿ ಬಲಗೈಯ ಬೆರಳನ್ನು ಪ್ಲಾಸ್ಟರಿನ ಮೇಲಿಟ್ಟಳು. ಮಣಿಕಟ್ಟಿನ ಹತ್ತಿರ ಅಲ್ಲ. ನಡುವೆ, ಕಿರುಬೆರಳಿನ ಕಡೆ.

ಟೀಚರು ಪಕ್ಕದಲ್ಲೇ ಇದ್ದರು. ಉಳಿದ ಮಕ್ಕಳು ಬಾಲಮ್ಮನ ಕಾಲ ಸುತ್ತ ಕುಳಿತಿದ್ದರು. ಅಜ್ಜಿ ಮಂಡಿಯೂರಿ, ಆದಷ್ಟು ಮೆತ್ತಗೆ ಕೇಳಿದಳು.

"ಎಷ್ಟು ಮೆಟ್ಟಿಲು ಕಂದ?"

ಗುಂಡಿ ಎಣಿಸುವ ಹುಡುಗಿ, ಬಾಲ ಎಣಿಸುವ ಹುಡುಗಿ, ಬಸ್ಸಿನ ಕಿಟಕಿ ಎಣಿಸುವ ಹುಡುಗಿ ಬಾಯಿ ತೆರೆದು ಮುಚ್ಚಿದಳು. ಕಣ್ಣು ಅತ್ತಿತ್ತ ಓಡಿದವು. ಆಮೇಲೆ, ಸಿಕ್ಕಿಬಿದ್ದವರು ತಿರುಗಿಬೀಳುವ ಹಾಗೆ, ಅವಳೇ ಕೇಳಿದಳು. "ನಿಮ್ಮದು ಎಷ್ಟು ಮೆಟ್ಟಿಲು ಅಜ್ಜಿ?"

ಮೂವತ್ತು ವರ್ಷದಲ್ಲಿ ಡಾಕ್ಟರು ಕೇಳಿರಲಿಲ್ಲ, ಮೇಸ್ತ್ರಿ ಕೇಳಿರಲಿಲ್ಲ, ಹೆತ್ತ ತಾಯಿ ಕೂಡ ಕೇಳಿರಲಿಲ್ಲ. ಅಜ್ಜಿ ಏನಾದರೊಂದು ಸಂಖ್ಯೆ ಹೇಳಿಬಿಡಬಹುದಿತ್ತು. ಹೇಳಿದರೆ ಈ ಮಗುವೂ ಒಂದು ಸಂಖ್ಯೆ ಹುಡುಕಿಕೊಳ್ಳುತ್ತದೆ, ಅದನ್ನೇ ಇನ್ನು ಮೂವತ್ತು ವರ್ಷ ಹೇಳಿಕೊಂಡು ತಿರುಗುತ್ತದೆ.

"ಒಂದೂ ಇಲ್ಲ ಕಂದ" ಎಂದಳು. "ನಾನು ಸುಳ್ಳು ಹೇಳ್ದೆ."

ಬಾಲಮ್ಮನ ಕಾಲ ಬಳಿಯ ಮಕ್ಕಳು ಇತ್ತ ತಿರುಗಿದರು.

"ನಮ್ಮನೇಲಿ ಮೆಟ್ಟಿಲೇ ಇರಲಿಲ್ಲ. ನನ್ನ ಗಂಡ ಕಬ್ಬಿಣದ ಸರಳು ತಗೊಂಡು ತಲೆಗೆ ಹೊಡೆದ. ನಾನು ಕೈ ಹಿಂಗೆ ಹಿಡಿದೆ." ಅಜ್ಜಿ ಎಡಗೈ ಎತ್ತಿ ಹಣೆಯ ಮುಂದೆ ಅಡ್ಡ ಹಿಡಿದಳು. "ಟಪ್ ಅಂತು. ಬಿದ್ದೆ ಅಂತ ಎಲ್ಲರಿಗೂ ಹೇಳ್ದೆ. ನಾಚಿಕೆ ನಂಗಾಯ್ತು. ಹೊಡೆದೋನಿಗೆ ಆಗಬೇಕಿತ್ತು, ಅವನಿಗೆ ಆಗಲೇ ಇಲ್ಲ."

"ಅಮ್ಮಾ..." ಎಂದು ಟೀಚರು ತಡೆಯಲು ಬಂದವರು ಅಲ್ಲೇ ನಿಂತರು. ಪುಟ್ಟಿಯ ಬಲಗೈ ಮೇಲೇಳುತ್ತಿತ್ತು. ಪ್ಲಾಸ್ಟರು ಇಲ್ಲದ ಆ ಕೈ ಮೆಲ್ಲಗೆ ಹಣೆಯ ಮುಂದೆ ಬಂದು ಅಡ್ಡ ನಿಂತಿತು. ಅಜ್ಜಿ ಹಿಡಿದಿದ್ದ ಹಾಗೇ. ಅದನ್ನು ಯಾರೂ ಹೇಳಿಕೊಟ್ಟು ಮಾಡಿಸಿದ್ದಲ್ಲ.

"ಏಳು ಸಲ" ಎಂದಳು ಪುಟ್ಟಿ, ಕೈಯ ಹಿಂದಿನಿಂದ. "ಅಪ್ಪ ಬೆಲ್ಟಲ್ಲಿ ಮೂರು, ಸ್ಪ್ಯಾನರಲ್ಲಿ ನಾಲ್ಕು. ಐದನೇದು ಕೈಗೆ ಬಿತ್ತು. ನಾನು ಎಣಿಸ್ತಿದ್ದೆ. ಅದಕ್ಕೇ ಇನ್ನೆರಡು."

ಟೀಚರು ಕುರ್ಚಿ ಹುಡುಕಿ ಕೂತರು. ತೀರಾ ಎಳೆ ವಯಸ್ಸಿನವರು, ಆ ವರ್ಷವೇ ಕೆಲಸಕ್ಕೆ ಸೇರಿದ್ದರು. ಶಾಲೆಯಲ್ಲಿ ಒಂದು ಕಟ್ಟಳೆ ಇತ್ತು. ಮಗುವಿಗೆ ಏನೇ ಆದರೂ ಮೊದಲು ಮನೆಗೆ ತಿಳಿಸಬೇಕು. ಮೂಳೆಯಜ್ಜಿ ಮೇಡಂ ಅವರನ್ನು ಕರೆಯಲು ಒಳಗೆ ಓಡಿದ ಹೊತ್ತಿನಲ್ಲಿ, ಆ ಬಡಪಾಯಿ ಕಟ್ಟಳೆಯಂತೆಯೇ ನಡೆದುಕೊಂಡರು. ಪುಟ್ಟಿಯ ಮನೆಯ ನಂಬರೆಂದು ಬರೆದಿದ್ದ ಅಪ್ಪನ ಮೊಬೈಲಿಗೆ ಫೋನ್ ಮಾಡಿದರು.

ಅವಳ ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಆ ದಿನ ಎರಡು ಬೀದಿ ಆಚೆಗೇ ಕೆಲಸದಲ್ಲಿದ್ದ. ಮಕ್ಕಳ ಸಹಾಯವಾಣಿಗೆ ಮೇಡಂ ಒಳಗಿನಿಂದ ಮಾತಾಡುತ್ತಿದ್ದಾಗಲೇ, ಕಂಪನಿಯ ಶರಟು, ಹೆಗಲಿಗೆ ಸಾಮಾನಿನ ಚೀಲ, ಮುಖದ ತುಂಬ ನಗು ಹೊತ್ತು ಹಾಲ್‌ಗೆ ಬಂದ.

"ಏನ್ ಟೀಚರ್, ನಮ್ಮ ರಾಣಿ ಏನೋ ಕಥೆ ಕಟ್ಟಿದಾಳಂತೆ? ಟೀವಿ ನೋಡಿ ನೋಡಿ ಹಿಂಗಾಗಿದಾಳೆ. ಬಾ ಮಗಳೇ, ಮನೆಗೆ ಹೋಗೋಣ."

ಪುಟ್ಟಿ ಬಾಲಮ್ಮನ ಹಿಂಗಾಲ ಸಂದಿಗೆ ಸರಿದಳು. ಅವನು ಹಗ್ಗದ ಬೇಲಿ ದಾಟಿ ಕೈ ಹಾಕಿದ. ಸಿಕ್ಕಿದ್ದು ಪ್ಲಾಸ್ಟರಿನ ಕೈ. ಎಳೆದ. ಮಗು ಕಿರುಚಿದ ಸದ್ದಿಗೆ ಉಳಿದ ಇಪ್ಪತ್ತೊಂದು ಮಕ್ಕಳು ಬೆಂಚುಗಳ ಕೆಳಗೆ ನುಸುಳಿದರು.

ಒಳಗಿನಿಂದ ಮರಳಿದ ಮೂಳೆಯಜ್ಜಿ ನಡುವೆ ನುಗ್ಗಿದಳು. "ಬಿಡು. ಆ ಕೈ ಬಿಡೋ."

"ನೀನ್ಯಾರೇ ಮುದುಕಿ? ಇದು ನಮ್ಮನೆ ವಿಷಯ."

"ಮನೆ ವಿಷಯ ಮನೇಲಿ ಬಿಟ್ಟು ಬರಬೇಕಿತ್ತು. ಇದು ನನ್ನ ಜಾಗ."

ಅವನ ನಗು ಅಳಿಸಿಹೋಯಿತು. ಮಗಳನ್ನು ಬಿಟ್ಟು, ಚೀಲದಿಂದ ಸ್ಪ್ಯಾನರು ಎಳೆದು ಬೀಸಿದ. ಮೊದಲನೆಯದು ಅಜ್ಜಿಯ ದವಡೆಗೆ ಬಿತ್ತು. ಒಂದು ಹಲ್ಲು ನೆಲದ ಮೇಲೆ ಟಣ್ ಎಂದು ಉರುಳಿತು. ಎರಡನೆಯದು ಪಕ್ಕೆಗೆ. ಬಾಯೆಲ್ಲ ರಕ್ತ, ಕಣ್ಣೆದುರು ಕತ್ತಲೆ. ಮೂರನೆಯದಕ್ಕೆ ಅವನು ಕೈಯನ್ನು ತಲೆಗಿಂತ ಮೇಲೆತ್ತಿದ. ಮೂವತ್ತು ವರ್ಷದ ಹಿಂದಿನ ಎಡಗೈ ತಾನಾಗಿ ಹಣೆಯ ಕಡೆ ಏಳಲು ಹೊರಟಿತು.

ಅಜ್ಜಿ ಅದನ್ನು ಏಳಗೊಡಲಿಲ್ಲ. ಹಿಂದೆ ಸರಿಯುವ ಬದಲು ಒಂದು ಹೆಜ್ಜೆ ಮುಂದೆ ಹೋದಳು, ಅವನ ಬೆವರು ಮೂಗಿಗೆ ಬಡಿಯುವಷ್ಟು ಹತ್ತಿರ. ಸ್ಪ್ಯಾನರು ಅವಳ ಬೆನ್ನ ಹಿಂದಿನ ಗಾಳಿಗೆ ಬಿತ್ತು. ಬೀಸಿ ಬಂದ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದಳು, ಎಡಗೈಯ ಹೆಬ್ಬೆರಳನ್ನು ಮೊಣಕೈಯ ಕೀಲಿಗೆ ಒತ್ತಿದಳು. ಹುಡುಕುವುದೇ ಬೇಕಾಗಲಿಲ್ಲ. ಮನುಷ್ಯನ ಕೀಲೂ ಕೀಲೇ. ಅವನು ಸ್ಪ್ಯಾನರು ಬಿಡುವ ತನಕ ಹಾಗೇ ಹಿಡಿದು ಕಾಯಬಹುದಿತ್ತು. ಕಾಯಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದಳು.

ಟಕ್.

ಸ್ಪ್ಯಾನರು ಬಿತ್ತು. ಅವನು ಊಳಿಡುತ್ತ ಹಿಂದಕ್ಕೆ ಜೋಲಿ ಹೊಡೆದು ಬಾಲಮ್ಮನ ಪಾದಕ್ಕೆ ಬಡಿದ. ಬಾಲಮ್ಮನ ಮೂರು ಬೆರಳಿನ ಮೂಳೆ ಕಳಚಿ ಅವನ ಬೆನ್ನ ಮೇಲೆ ಉದುರಿದವು. ಮುಂದೋಳು ಇರಬಾರದ ಕಡೆಗೆ ತಿರುಗಿ ನೇತಾಡುತ್ತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಎದೆಗೆ ಒತ್ತಿಕೊಂಡು, ಬಾಗಿಲ ಕಾವಲುಗಾರ ಬರುವ ಮೊದಲೇ ಹೊರಗೆ ಓಡಿದ.

ಆಮೇಲೆ ಬೆಂಚಿನ ಕೆಳಗಿನಿಂದ ಒಂದು ಸಣ್ಣ ದನಿ ಬಂತು. "ಹಲ್ಲಯ್ಯ ಓಡೋದ."

ಟೀಚರು ಅಳುತ್ತ ಪುಟ್ಟಿಯನ್ನು ಅಪ್ಪಿಕೊಂಡಿದ್ದರು. ಮೂಳೆಯಜ್ಜಿ ನೆಲದ ಮೇಲೆ ಕೂತು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಮೊದಲು ತನ್ನ ಹಲ್ಲು ಹುಡುಕಿದಳು. ನಂತರ ಬಾಲಮ್ಮನ ಬೆರಳು. "ಮೂರೂ ಸಿಕ್ಕಿದ್ವಾ?" ಎಂದು ಕೇಳಿದ್ದು ಪುಟ್ಟಿ.

ನಾಲ್ಕು ದಿನ ಕಳೆದು, ಮಕ್ಕಳ ರಕ್ಷಣೆಯ ಕಚೇರಿಯಲ್ಲಿ ಎಲ್ಲರನ್ನೂ ಕರೆಸಿದರು. ಮೇಜಿನ ಹಿಂದೆ ದಪ್ಪ ಕನ್ನಡಕದ ಅಧಿಕಾರಿಣಿ. ಒಂದು ಕಡೆ ಮೇಡಂ, ಟೀಚರು, ಮುಖ ಊದಿದ ಮೂಳೆಯಜ್ಜಿ. ಇನ್ನೊಂದು ಕಡೆ ಕೈಯನ್ನು ಪಟ್ಟಿಯಲ್ಲಿ ಕುತ್ತಿಗೆಗೆ ತೂಗಿಹಾಕಿಕೊಂಡ ಅಪ್ಪ, ಅವನಿಂದ ಒಂದು ಕುರ್ಚಿ ಬಿಟ್ಟು ಪುಟ್ಟಿಯ ಅಮ್ಮ. ಆ ನಾಲ್ಕು ದಿನ ಮಕ್ಕಳ ಆಶ್ರಯಧಾಮದಲ್ಲಿದ್ದ ಮಗಳು ಈಗ ಅವಳ ತೊಡೆಯ ಮೇಲೆ. ಆ ಹೆಂಗಸು ಬಂದಾಗಿನಿಂದ ಒಂದು ಮಾತಾಡಿರಲಿಲ್ಲ. ಅವನು ಹೊಡೆದದ್ದು ಹೌದು ಎಂದು ಅವಳು ಹೇಳಿದರೆ ಒಂದು, ಇಲ್ಲ ಎಂದರೆ ಒಂದು. ಮಗು ಆ ಸಂಜೆ ಯಾವ ಮನೆಗೆ ಹೋಗಬೇಕೆಂಬುದು ಅವಳ ಬಾಯಲ್ಲಿತ್ತು.

"ನಿಮ್ಮ ಕೈಗೆ ಏನಾಯ್ತು?" ಎಂದು ಅಧಿಕಾರಿಣಿ ಅವನನ್ನು ಕೇಳಿದರು.

ಅಂದು ಅವನು ನೇರ ಆಸ್ಪತ್ರೆಗೆ ಹೋಗಿದ್ದ. ಐವತ್ತಾರು ವರ್ಷದ ಹೆಂಗಸೊಬ್ಬಳು ತನ್ನ ಕೀಲು ತಪ್ಪಿಸಿದಳೆಂದು ಅಲ್ಲಿ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಈಗ ನಿಜ ಹೇಳಿದರೆ ಸ್ಪ್ಯಾನರಿನ ಮಾತೂ ಬರುತ್ತದೆ. ಅಧಿಕಾರಿಣಿಯ ಮುಂದೆ ಆಸ್ಪತ್ರೆಯ ಕಾಗದವಿತ್ತು. ಅವನು ನೆಲ ನೋಡುತ್ತ ಹೇಳಿದ.

"ಮೆಟ್ಟಿಲಿಂದ ಬಿದ್ದೆ."

"ಮಗಳ ಕೈ?"

"ಅವಳೂ ಅಷ್ಟೇ ಮೇಡಂ. ಮನೆ ಮೆಟ್ಟಿಲಿಂದ."

ಮೂಳೆಯಜ್ಜಿಗೆ ತಡೆಯಲಾರದ ನಗು ಬಂತು. ಹೊಲಿಗೆ ಹಾಕಿದ ಒಸಡು ಎಳೆದು ಕಣ್ಣಲ್ಲಿ ನೀರು ತರಿಸಿದರೂ ನಕ್ಕಳು. ಮ್ಯೂಸಿಯಂನ ಮೇಡಂ ಮಗುವಿನ ಎಕ್ಸ್‌ರೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಮುರಿದ ಜಾಗ ತೋರಿಸಲು ಹೊರಟಿದ್ದರು. ಅಷ್ಟರಲ್ಲಿ ಅಮ್ಮನ ತೊಡೆಯ ಮೇಲಿನಿಂದ ಪುಟ್ಟಿ ಅಪ್ಪನ ಕಡೆ ತಿರುಗಿದಳು. ಹೆದರಿಸುವುದಕ್ಕಲ್ಲ, ಅಣಕಿಸುವುದಕ್ಕಲ್ಲ, ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಎಷ್ಟು ಮೆಟ್ಟಿಲು ಅಪ್ಪಾ?"

ಅವನು ಕುತ್ತಿಗೆಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ.

"ನಮ್ಮನೇಲಿ ಮೆಟ್ಟಿಲೇ ಇಲ್ಲ." ಆ ದನಿ ಯಾರದೆಂದು ತಿಳಿಯಲು ಎಲ್ಲರಿಗೂ ಒಂದು ಗಳಿಗೆ ಬೇಕಾಯಿತು. ಅಮ್ಮ ಕುತ್ತಿಗೆಯ ಹತ್ತಿರ ಬಟ್ಟೆ ಸರಿಸಿ, ವಕ್ರವಾಗಿ ಕೂಡಿಕೊಂಡ ಹೆಗಲ ಮೂಳೆಯನ್ನು ತೋರಿಸಿದಳು. "ಬಾಡಿಗೆ ಮನೆ, ನೆಲದ ಮೇಲೇ ಇದೆ. ಬೇಕಾದ್ರೆ ಬಂದು ನೋಡಿ. ಇದಕ್ಕೂ ಮೆಟ್ಟಿಲು ಅಂತಲೇ ಬರೆಸಿದೀನಿ ನಾನು."

ಅಧಿಕಾರಿಣಿ ಪೆನ್ನಿನ ಮುಚ್ಚಳ ತೆಗೆದರು.

ತಾಯಿ ಮಗಳು ಆ ಸಂಜೆಯೇ ಪುಟ್ಟಿಯ ಚಿಕ್ಕಮ್ಮನ ಮನೆಗೆ ಹೋದರು. ಅವನ ಮೇಲೆ ಕೇಸು ನಡೆಯುತ್ತಿದೆ. ಮ್ಯೂಸಿಯಂನವರು, ಬಂದವರ ಮೇಲೆ ಕೈ ಮಾಡಿದ್ದಕ್ಕಾಗಿ, ಮೂಳೆಯಜ್ಜಿಯನ್ನು ಎರಡು ತಿಂಗಳು ಮಕ್ಕಳಿಂದ ದೂರವಿಟ್ಟು ಮೀನಿನ ಕೋಣೆಯ ಧೂಳು ಹೊಡೆಯಲು ಹಾಕಿದರು. ಅವಳು ತಕರಾರು ಮಾಡಲಿಲ್ಲ. ಸತ್ತ ಮೀನುಗಳಿಗೇ ಹಲ್ಲಯ್ಯನ ಕಥೆ ಹೇಳುತ್ತ ಒರೆಸಿದಳು ಎಂದು ಕಾವಲುಗಾರ ಹೇಳುತ್ತಾನೆ.

ಮತ್ತೆ ಹಾಲ್‌ಗೆ ಬಂದ ಮೊದಲ ಮಂಗಳವಾರ ಹೊಸ ಮಕ್ಕಳು, ಹೊಸ ಬೆರಳುಗಳು. ಗರಕ್, ಫಟಾರ್, ಕೆಂಪು ನೀರು, ಎಲ್ಲ ಆಯಿತು. ತೋಳು ಮಡಿಚಿದಳು. ಇದು ಹೇಗೆ ಮುರೀತು ಎಂದು ಒಬ್ಬ ಕೇಳಿದ. ನನ್ನ ಗಂಡ ಹೊಡೆದ ಎಂದಳು. "ತಪ್ಪಿಸ್ಕೊಂಡ್ರಾ?" ಎಂದು ಇನ್ನೊಬ್ಬಳು ಕೇಳಿದಳು. "ಕೂಡ್ಕೊಂಡಿದೆಯಲ್ಲ, ನೋಡು" ಎಂದಳು.

ಮಕ್ಕಳ ಹಿಂದೆ, ಅಮ್ಮನ ಕೈ ಹಿಡಿದು, ಲೆಕ್ಕದ ಪುಟ್ಟಿ ನಿಂತಿದ್ದಳು. ಪ್ಲಾಸ್ಟರು ಬಿಚ್ಚಿತ್ತು. ಬಂದು ತನ್ನ ಎಡಗೈಯನ್ನು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಹೆಬ್ಬೆರಳಲ್ಲಿ ಹುಡುಕಿದಳು. ಇತ್ತು. ಕಡಲೆಕಾಳಿನಷ್ಟು.

"ಚಿಕ್ಕಮ್ಮನ ಮನೆ ಹೇಗಿದೆ ಕಂದ?"

"ಮೂರನೇ ಮಹಡಿ" ಎಂದಳು ಪುಟ್ಟಿ. "ಐವತ್ನಾಲ್ಕು ಮೆಟ್ಟಿಲು ಅಜ್ಜಿ. ಒಂದರಿಂದಲೂ ಬಿದ್ದಿಲ್ಲ."